ಬಚ್ಚಲ ಹಂಡೆಗೆ ಹೆದರಿದ ಹುಡುಗಿ: ಯಾವ ವಯಸ್ಸಿಗೆ ಯಾವ ಭಾಗ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತೀರ್ಥಹಳ್ಳಿ ಕಡೆಯ ಹಳ್ಳಿ. ಆರನೇ ತರಗತಿಯ ಹುಡುಗಿ, 11 ವರ್ಷ. ದಸರಾ ರಜೆಯಲ್ಲಿ ಅತ್ತೆಯ ಮಗನ ಮೊಬೈಲಿನಲ್ಲಿ ಮಾಂತ್ರಿಕರ ಶಾಲೆಗೆ ಸೇರುವ ಹುಡುಗ ಹ್ಯಾರಿ ಪಾಟರ್‌ನ ಸಿನಿಮಾಗಳನ್ನು ಒಂದರ ಹಿಂದೊಂದು ನೋಡಿದ್ದಳು. ಆಮೇಲೆ ಕತ್ತಲಾದರೆ ಬಚ್ಚಲಿಗೆ ಕಾಲಿಡುತ್ತಿರಲಿಲ್ಲ, ರಾತ್ರಿ ಅಮ್ಮನ ಮಗ್ಗುಲೇ ಬೇಕು. ಅಮ್ಮ ಕಥೆ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದರು. "ಮೇಡಂ, ಈ ಮಾಟ ಮಂತ್ರದ ಕಥೆ ಮಕ್ಕಳಿಗೆ ಕೊಡಲೇಬಾರದಾ?" ಎಂದು ಅಮ್ಮ ನಮ್ಮನ್ನು ಕೇಳಿದರು.

ಏತಕ್ಕೆ ಹೆದರಿಕೆ ಎಂದು ನೇರ ಕೇಳಿದರೆ ಈ ವಯಸ್ಸಿನವರು "ಏನಿಲ್ಲ" ಅಂದುಬಿಡುತ್ತಾರೆ. ಹಾಳೆ, ಪೆನ್ಸಿಲ್ ಕೊಟ್ಟಾಗ ಅವಳು ಬಿಡಿಸಿದ್ದು ಒಂದು ಹಂಡೆ, ಅದರಿಂದ ಎದ್ದ ಬಿಳಿಚಿದ ಕೈ. ನಾಲ್ಕನೇ ಸಿನಿಮಾದ ಕೊನೆಯ ಹೊತ್ತಿಗೆ ಸ್ಮಶಾನದಲ್ಲಿ ಶಾಲೆಯ ಹುಡುಗನೊಬ್ಬ ಸಾಯುತ್ತಾನೆ, ದೊಡ್ಡ ಕಡಾಯಿಯಿಂದ ಖಳ ಮೈತಳೆದು ಏಳುತ್ತಾನೆ. ಇವಳ ಮನೆಯ ಬಚ್ಚಲಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ, ಸುತ್ತ ಹೊಗೆ, ಮಳೆ ಬಂದರೆ ಕರೆಂಟಿಲ್ಲ. ಮಾಟ ಮಂತ್ರದ ತಂಟೆಯೇ ಇಲ್ಲ, ಇದು ಒಂದು ದೃಶ್ಯದ ಭಯ.

ಮೊದಲು ಬಚ್ಚಲು. ಹಗಲಿನಲ್ಲಿ ಅಮ್ಮನ ಜೊತೆ ಒಲೆಗೆ ಬೆಂಕಿ ಹಾಕುವುದು, ಹಂಡೆಗೆ ನೀರು ತುಂಬುವುದು. ಅದು ಸಲೀಸಾದ ಮೇಲೆ ಸಂಜೆ, ಅಮ್ಮ ಬಾಗಿಲಲ್ಲಿ. ಆಮೇಲೆ ಅಮ್ಮ ಅಡುಗೆಮನೆಯಲ್ಲಿ, ಮಾತು ಕೇಳಿಸುವಷ್ಟು ದೂರ. ಒಂದು ಹೆಜ್ಜೆ ಹಗುರವಾಗುವ ತನಕ ಮುಂದಿನದಕ್ಕೆ ಹೋಗಬಾರದು. "ಇಷ್ಟು ದೊಡ್ಡವಳಾಗಿ ಹೆದರ್ತೀಯ" ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು, ಅಜ್ಜಿಯೂ ಸೇರಿ. ಸಿನಿಮಾದ ದೈತ್ಯರನ್ನು ಹೇಗೆ ತಯಾರಿಸುತ್ತಾರೆಂದು ತೋರಿಸುವ ವಿಡಿಯೋ ಜೊತೆಗೆ ಕೂತು ನೋಡಲು ಹೇಳಿದೆವು. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿ ಬಣ್ಣ ಬಳಿದುಕೊಳ್ಳುವುದನ್ನು ಕಂಡ ಮಗು ರಂಗದ ರಾಕ್ಷಸನಿಗೆ ಅಷ್ಟಾಗಿ ಬೆಚ್ಚುವುದಿಲ್ಲವಲ್ಲ, ಹಾಗೆ. ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ, ಶಾಲೆಗೂ ಹೋಗಲೊಲ್ಲೆ ಎಂದರೆ ಮನೋವೈದ್ಯರಿಗೆ ತೋರಿಸಬೇಕು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್, ಸಂಖ್ಯೆ 14416.

ಇನ್ನು ಪುಸ್ತಕ. ಅಟ್ಟದಿಂದ ಇಳಿಸಲು ಹೇಳಿದೆವು. ಪುಸ್ತಕದಲ್ಲಿ ಕಥೆಯ ವೇಗ ಮಗುವಿನ ಕೈಯಲ್ಲಿರುತ್ತದೆ: ಪುಟ ಮುಚ್ಚಬಹುದು, ಹಾರಿಸಬಹುದು, ಚಿತ್ರವೂ ತಾನು ತಾಳುವಷ್ಟೇ ಮೂಡುತ್ತದೆ. ಸಿನಿಮಾದಲ್ಲಿ ಆ ಅನುಕೂಲವಿಲ್ಲ. ಹಿರಿಯರು ಎಡವುವುದು ಸರಣಿಯ ಹೆಸರು ನೋಡಿ ಇಡೀ ಸೆಟ್ ಕೈಗಿಡುವಲ್ಲಿ. ಪಾಟರ್ ಮೊದಲ ಪುಸ್ತಕದಲ್ಲಿ 11ರ ಹುಡುಗ, ಏಳನೆಯದರಲ್ಲಿ 17ರವನು. ಪುಸ್ತಕಗಳು 1997ರಿಂದ 2007ರವರೆಗೆ ಬಂದವು, ಮೊದಲ ಓದುಗರು ಅವನ ಜೊತೆಗೇ ಬೆಳೆದರು. ಒಂದೇ ರಜೆಯಲ್ಲಿ ಮುಗಿಸುವವಳಿಗೆ ಆ ಬೆಳವಣಿಗೆ ಎಲ್ಲಿಂದ ಬರಬೇಕು? 13ಕ್ಕಿಂತ ಚಿಕ್ಕವರಿಗೆ ಕೆಲವು ದೃಶ್ಯ ಹೊಂದದಿರಬಹುದು ಎಂಬ ಎಚ್ಚರಿಕೆ ಅಮೆರಿಕದಲ್ಲಿ ಈ ಸರಣಿಗೆ ಮೊದಲು ಬಿದ್ದದ್ದೂ ನಾಲ್ಕನೇ ಚಿತ್ರಕ್ಕೇ.

ಅವಳಿಗೆ ಹೇಳಿದ್ದು ಮೂರನೇ ಪುಸ್ತಕದವರೆಗೆ ಮಾತ್ರ, ಉಳಿದದ್ದು 13 ವರ್ಷ ತುಂಬಿದ ನಂತರ. ಮೊದಲ ಪುಸ್ತಕದಲ್ಲಿ 17 ಅಧ್ಯಾಯ. ದಿನಕ್ಕೊಂದು, ರಾತ್ರಿಯೂಟಕ್ಕೆ ಮುಂಚೆ, ಜಗಲಿಯಲ್ಲಿ. ಇಂಗ್ಲಿಷ್ ಪುಸ್ತಕವಾದ್ದರಿಂದ ನಡುವಿನ ಒಂದು ಪುಟ ಓದಿಸಿ ನೋಡಬೇಕು: ಗೊತ್ತಿಲ್ಲದ ಪದ ಐದು ದಾಟಿದರೆ ಸದ್ಯಕ್ಕೆ ಭಾರ, ದೊಡ್ಡವರು ಓದಿ ಹೇಳಲಿ. ಪುಸ್ತಕ ಮುಗಿದ ಮೇಲೇ ಅದರ ಸಿನಿಮಾ, ಹಗಲಿನಲ್ಲಿ, ಟಿವಿಯಲ್ಲಿ, ರಿಮೋಟ್ ಅವಳ ಕೈಯಲ್ಲಿ. ಇಯರ್‌ಫೋನ್ ಬೇಡ, ಹೆದರಿಸುವುದರಲ್ಲಿ ಅರ್ಧ ಪಾಲು ಸದ್ದಿನದು. ಎಷ್ಟು ವಯಸ್ಸಿಗಿಂತ ಚಿಕ್ಕವರಿಗೆ ಹಿರಿಯರ ಮಾರ್ಗದರ್ಶನ ಬೇಕೆಂದು ಹೇಳುವ ಯು/ಎ 7+, 13+, 16+ ಗುರುತು ಓಟಿಟಿಯಲ್ಲೂ ಇರುತ್ತದೆ, ಒತ್ತುವ ಮೊದಲು ನೋಡಿ.

ಪುಸ್ತಕ ಹಿತವಾಗಿದೆ ಎಂದು ಸಿನಿಮಾವನ್ನೂ ನಂಬುವಂತಿಲ್ಲ. ಟೋಲ್ಕೀನ್ ಬರೆದ 1937ರ ಸಾಹಸ ಕಥೆ 'ದಿ ಹಾಬಿಟ್' ಒಂದೇ ಪುಸ್ತಕ, ಸಿನಿಮಾಗಳು ಮೂರು. ಪುಸ್ತಕದ ಕೊನೆಯ ಯುದ್ಧದ ನಡುವೆಯೇ ನಾಯಕ ಪ್ರಜ್ಞೆ ತಪ್ಪಿ ಬೀಳುತ್ತಾನೆ, ತೆರೆಯ ಮೇಲೆ ಅದೇ ಯುದ್ಧ ಮುಗಿಯುವುದೇ ಇಲ್ಲ. ಗ್ರೀಕ್ ದೇವತೆಗಳ ಕಥೆಯ ಸರಣಿಯ ನಾಯಕ ಪರ್ಸಿ ಜಾಕ್ಸನ್ ಮೊದಲ ಪುಸ್ತಕದಲ್ಲಿ 12ರವನು, 2010ರ ಚಿತ್ರದಲ್ಲಿ ಮೀಸೆ ಚಿಗುರುವ ವಯಸ್ಸಿನವನು. 11ರವರಿಗೆ ಅದರ ಪುಸ್ತಕವೇ ಹೊಂದುತ್ತದೆ, ನಗಿಸುತ್ತದೆ ಕೂಡ.

ಉಳಿದದ್ದು ಅತ್ತೆಯ ಮಗ. "ಐದನೇದು ನೋಡಿಲ್ವಾ?" ಎಂದು ಅವನು ಕಾಡಿದಾಗ ಹೇಳಲು ಹುಡುಗಿಯೇ ಒಂದು ಮಾತು ಹೊಂದಿಸಿಕೊಂಡಳು: "ನಾನು ಪುಸ್ತಕ ಓದದೆ ಸಿನಿಮಾ ನೋಡಲ್ಲ ಕಣೋ." ಅವನು ಒಂದೂ ಓದಿರಲಿಲ್ಲ.