ಹಂತ ಹಂತವಾಗಿ ಹೋಮ್ ಥಿಯೇಟರ್: ಮೊದಲು ಯಾವುದು, ಆಮೇಲೆ ಯಾವುದು?

ಪ್ರಶ್ನೆ: ನಮ್ಮ ಮನೆಯಲ್ಲಿರುವುದು ಒಂದೇ ಪೆಟ್ಟಿಗೆಯಲ್ಲಿ ಬಂದ 5.1 ಹೋಮ್ ಥಿಯೇಟರ್ ಸೆಟ್. ಡಿವಿಡಿ ಪ್ಲೇಯರ್ ಮತ್ತು ಆಂಪ್ಲಿಫೈಯರ್ ಒಂದರಲ್ಲೇ ಸೇರಿದ ಯಂತ್ರ, ಐದು ಪುಟ್ಟ ಸ್ಪೀಕರ್‌ಗಳು ಮತ್ತು ಒಂದು ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ಇವೆ. ಮಾತು ಕೇಳಿಸುವುದಿಲ್ಲವೆಂದು ವಾಲ್ಯೂಮ್ ಏರಿಸಿದರೆ ಹೊಡೆದಾಟದ ದೃಶ್ಯ ಬಂದಾಗ ಕಿವಿಗಡಚಿಕ್ಕುತ್ತದೆ. ಇಳಿಸಿದರೆ ಮತ್ತೆ ಮಾತು ಕೇಳಿಸುವುದಿಲ್ಲ. ಕೋಣೆ 4.3 ಮೀಟರ್ ಉದ್ದ, 3.5 ಮೀಟರ್ ಅಗಲವಿದ್ದು, ಸೋಫಾ ಹಿಂಗೋಡೆಗೆ ತಾಗಿಕೊಂಡಿದೆ. ಮನೆಯವರೆಲ್ಲ ಸಾಲಾಗಿ ಕುಳಿತು ನೋಡುತ್ತೇವೆ. ಒಮ್ಮೆಲೇ ಎಲ್ಲವನ್ನೂ ಬದಲಿಸುವಷ್ಟು ಹಣವಿಲ್ಲ. ಮೊದಲು ದೊಡ್ಡ ಸಬ್‌ವೂಫರ್ ಕೊಳ್ಳುವಂತೆ ಸ್ನೇಹಿತರು ಹೇಳುತ್ತಾರೆ. ಯಾವ ಕ್ರಮದಲ್ಲಿ ಮುಂದುವರಿಯಬೇಕು?

ಉತ್ತರ: ಮೊದಲು ಸಬ್‌ವೂಫರ್ ಬೇಡ. ನಿಮ್ಮ ದೂರು ಮಾತು ಸ್ಪಷ್ಟವಾಗಿಲ್ಲ ಎಂಬುದು; ಸಬ್‌ವೂಫರ್ ಎಷ್ಟೇ ದೊಡ್ಡದಾದರೂ ಮಾತನ್ನು ಸ್ಪಷ್ಟಗೊಳಿಸಲಾರದು. ಹಂತ ಹಂತವಾಗಿ ಕೊಳ್ಳುವವರು ಪ್ರತಿ ಖರೀದಿಗೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ: ಈ ವಸ್ತು ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ಕೊರತೆಯನ್ನು ನೀಗುತ್ತದೆಯೇ, ಮತ್ತು ಮುಂದಿನ ಹಂತದಲ್ಲಿಯೂ ಇದು ಉಪಯೋಗದಲ್ಲಿ ಉಳಿಯುತ್ತದೆಯೇ? ಎರಡನೆಯ ಪ್ರಶ್ನೆಯನ್ನು ಮರೆತರೆ ಒಂದೇ ಸ್ಥಾನಕ್ಕೆ ಎರಡು ಬಾರಿ ಹಣ ಕೊಡಬೇಕಾಗುತ್ತದೆ.

ಹಣ ಖರ್ಚು ಮಾಡುವ ಮೊದಲು ಈಗಿರುವುದರಲ್ಲೇ ಸರಿಪಡಿಸಬಹುದಾದದ್ದನ್ನು ಸರಿಪಡಿಸಿ. ಸಿನಿಮಾದ 5.1 ಧ್ವನಿಯಲ್ಲಿ ಮಾತಿನ ಬಹುಪಾಲು ಮಧ್ಯದ ಸ್ಪೀಕರಿನಿಂದಲೇ ಬರುತ್ತದೆ. ಆ ಸ್ಪೀಕರನ್ನು ಟಿವಿ ಸ್ಟ್ಯಾಂಡಿನ ಒಳಗಿನ ಗೂಡಿನಲ್ಲಿ ಹಿಂದಕ್ಕೆ ತಳ್ಳಿಟ್ಟಿದ್ದರೆ ಧ್ವನಿ ಗೂಡಿನ ಪಕ್ಕಗಳಿಗೆ ಬಡಿದು ಮಸುಕಾಗುತ್ತದೆ. ಹಲಗೆಯ ಅಂಚಿನವರೆಗೆ ಮುಂದಕ್ಕೆ ತಂದು, ಅದರ ಮುಖ ಕುಳಿತವರ ಕಿವಿಯತ್ತ ತಿರುಗುವಂತೆ ಸ್ವಲ್ಪ ಮೇಲಕ್ಕೆ ಓರೆ ಮಾಡಿ. ಸೆಟ್ಟಿಂಗ್‌ನಲ್ಲಿ ಸೆಂಟರ್ ಮಟ್ಟವನ್ನು 2 ಅಥವಾ 3 ಡೆಸಿಬೆಲ್ ಏರಿಸಿ. ಟಿವಿಯ ಆಡಿಯೋ ಔಟ್‌ಪುಟ್ ಪಿಸಿಎಂ ಎಂದು ಇದ್ದರೆ ಅನೇಕ ಟಿವಿಗಳಲ್ಲಿ ಹೊರಹೋಗುವುದು ಬರಿಯ ಎರಡು ಚಾನೆಲ್‌ಗಳ ಧ್ವನಿ. ಬಿಟ್‌ಸ್ಟ್ರೀಮ್ ಅಥವಾ ಡಾಲ್ಬಿ ಡಿಜಿಟಲ್ ಎಂದು ಬದಲಿಸಿದರೆ ಮಾತ್ರ ಸೆಂಟರ್ ಸ್ಪೀಕರಿಗೆ ಅದರದೇ ಪಾಲು ಸಿಗುತ್ತದೆ. ಸ್ಪೀಕರ್‌ಗಳ ತಂತಿಗಳಲ್ಲಿ ಧನ ಮತ್ತು ಋಣ ತುದಿಗಳು ಅದಲುಬದಲಾಗಿಲ್ಲವೇ ಎಂಬುದನ್ನೂ ನೋಡಿಕೊಳ್ಳಿ. ಎಡ ಬಲದ ಸ್ಪೀಕರ್‌ಗಳಲ್ಲಿ ಒಂದಕ್ಕೆ ಮಾತ್ರ ತಂತಿ ತಿರುವುಮುರುವಾಗಿದ್ದರೆ ಬೇಸ್ ಕರಗಿಹೋಗಿ, ಧ್ವನಿ ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದಂತಾಗುತ್ತದೆ. ನೆಲಕ್ಕೆ ಕಲ್ಲು ಅಥವಾ ಟೈಲ್ಸ್ ಹಾಸಿದ್ದರೆ, ಸ್ಪೀಕರ್ ಮತ್ತು ಸೋಫಾದ ನಡುವೆ ದಪ್ಪ ಜಮಖಾನೆ ಹಾಸಿ. ಇಷ್ಟರಲ್ಲಿಯೇ ನಿಮ್ಮ ಕಿರಿಕಿರಿ ಗಣನೀಯವಾಗಿ ಕಡಿಮೆಯಾಗಬಹುದು, ಆಗ ಖರೀದಿಯ ಅವಸರವೂ ತಗ್ಗುತ್ತದೆ.

ಖರೀದಿಗೆ ಬರೋಣ. ಒಂದೇ ಪೆಟ್ಟಿಗೆಯ ಸೆಟ್‌ಗಳ ದೊಡ್ಡ ತೊಡಕೆಂದರೆ ಅವನ್ನು ಬಿಡಿಬಿಡಿಯಾಗಿ ಮೇಲ್ದರ್ಜೆಗೆ ಏರಿಸುವುದು ಕಷ್ಟ. ಇಂತಹ ಅನೇಕ ಸೆಟ್‌ಗಳಲ್ಲಿ ಸ್ಪೀಕರಿನ ಪಿನ್ನುಗಳು ಆ ಕಂಪನಿಗಷ್ಟೇ ಸೀಮಿತವಾಗಿರುತ್ತವೆ, ಸ್ಪೀಕರ್‌ಗಳು 3 ಅಥವಾ 4 ಓಮ್‌ನವಾಗಿರುತ್ತವೆ (ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಸಬ್‌ವೂಫರಿಗೆ ತನ್ನದೇ ಆಂಪ್ಲಿಫೈಯರ್ ಇರದೆ ಅದು ಕೂಡ ಮುಖ್ಯ ಯಂತ್ರದ ಶಕ್ತಿಯನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ಮೊದಲ ಹಂತವೇ ಎಲ್ಲಕ್ಕಿಂತ ಭಾರವಾದದ್ದು: ಒಂದು ಎವಿ ರಿಸೀವರ್ (ಟಿವಿ, ಪ್ಲೇಯರ್‌ಗಳ ಧ್ವನಿಯನ್ನು ಪಡೆದು ಸ್ಪೀಕರ್‌ಗಳನ್ನು ನುಡಿಸುವ ಯಂತ್ರ) ಮತ್ತು ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್‌ಗಳು, ಅಂದರೆ ಕಪಾಟಿನ ಮೇಲೆ ಇಡಬಹುದಾದ ಗಾತ್ರದವು. ಇದಕ್ಕೆ ಹಣ ಕೂಡುವವರೆಗೆ ಕಾಯುವುದು ಉತ್ತಮವೇ ಹೊರತು, ನಡುವೆ ಸಣ್ಣಪುಟ್ಟದ್ದನ್ನು ಕೊಂಡು ಹಣ ಚದುರಿಸುವುದು ಬೇಡ. ಹಳೆಯ ಪುಟ್ಟ ಸ್ಪೀಕರ್‌ಗಳನ್ನು ಹೊಸ ರಿಸೀವರಿಗೆ ಜೋಡಿಸುವ ಆಸೆ ಸಹಜ. ಆದರೆ ಅವುಗಳ ಹಿಂಬದಿಯಲ್ಲಿ ಬರೆದಿರುವ ಓಮ್ ಸಂಖ್ಯೆ ರಿಸೀವರ್ ಒಪ್ಪುವ ಕನಿಷ್ಠ ಮಿತಿಗಿಂತ ಕೆಳಗಿದ್ದರೆ ಜೋಡಿಸಲೇಬೇಡಿ, ಆಂಪ್ಲಿಫೈಯರ್ ಅತಿಯಾಗಿ ಬಿಸಿಯಾಗುತ್ತದೆ.

ಎರಡೇ ಸ್ಪೀಕರ್‌ಗಳಾದರೆ ಮಾತು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ರಿಸೀವರಿನ ಸೆಟ್ಟಿಂಗ್‌ನಲ್ಲಿ ಸೆಂಟರ್ ಸ್ಪೀಕರ್ ಇಲ್ಲವೆಂದು ತಿಳಿಸಿದರೆ ಅದು ಮಧ್ಯದ ಚಾನೆಲ್ಲನ್ನು ಎಡ ಬಲಗಳಿಗೆ ಸಮನಾಗಿ ಹಂಚುತ್ತದೆ, ನಟ್ಟನಡುವೆ ಕುಳಿತವರಿಗೆ ಮಾತು ಪರದೆಯ ಮಧ್ಯದಿಂದಲೇ ಬಂದಂತೆ ಕೇಳಿಸುತ್ತದೆ. ಐದು ದುರ್ಬಲ ಸ್ಪೀಕರ್‌ಗಳಿಗಿಂತ ಎರಡು ಸಮರ್ಥ ಸ್ಪೀಕರ್‌ಗಳು ಸಿನಿಮಾವನ್ನು ಹೆಚ್ಚು ಚೆನ್ನಾಗಿ ಕೇಳಿಸುತ್ತವೆ ಎಂಬುದನ್ನು ಸಂಕೋಚವಿಲ್ಲದೆ ಹೇಳಬಲ್ಲೆ. ಹಾಡು ಕೇಳುವ ಮನೆಯಾದರೆ ಅದರ ಲಾಭ ಇನ್ನೂ ಹೆಚ್ಚು. ಕುಳಿತವರ ದೃಷ್ಟಿರೇಖೆಯಿಂದ ಎಡಕ್ಕೊಂದು, ಬಲಕ್ಕೊಂದು ಸುಮಾರು 30 ಡಿಗ್ರಿ ಕೋನದಲ್ಲಿ, ಟ್ವೀಟರ್ (ಸ್ಪೀಕರಿನಲ್ಲಿ ಏರುಸ್ವರಗಳನ್ನು ನುಡಿಸುವ ಸಣ್ಣ ಭಾಗ) ಕಿವಿಯ ಎತ್ತರಕ್ಕೆ ಬರುವಂತೆ ಅವನ್ನು ಇರಿಸಿ.

ಎರಡನೆಯ ಹಂತದಲ್ಲಿ ಸೆಂಟರ್ ಸ್ಪೀಕರೋ ಸಬ್‌ವೂಫರೋ ಎಂಬುದು ಕುಳಿತುಕೊಳ್ಳುವ ರೀತಿಯನ್ನು ಅವಲಂಬಿಸಿದೆ. ಒಬ್ಬರೋ ಇಬ್ಬರೋ ಮಧ್ಯದಲ್ಲಿ ಕುಳಿತು ನೋಡುವುದಾದರೆ ಸಬ್‌ವೂಫರನ್ನು ಮೊದಲು ಕೊಳ್ಳುವಂತೆ ಹೇಳುತ್ತಿದ್ದೆ. ನೀವು ಸಾಲಾಗಿ ಕುಳಿತುಕೊಳ್ಳುವವರು. ಅಂಚಿನಲ್ಲಿ ಕುಳಿತವರಿಗೆ ಹತ್ತಿರದ ಸ್ಪೀಕರಿನ ಧ್ವನಿ ಮೊದಲು ತಲುಪುವುದರಿಂದ ಮಾತೆಲ್ಲ ಆ ಬದಿಗೆ ವಾಲಿದಂತೆ ಕೇಳಿಸುತ್ತದೆ. ಅವರಿಗೋಸ್ಕರ ಸೆಂಟರ್ ಸ್ಪೀಕರ್ ಬೇಕು, ಮತ್ತು ಅದು ನೀವು ಮೊದಲ ಹಂತದಲ್ಲಿ ಕೊಂಡ ಜೋಡಿಯ ಶ್ರೇಣಿಯದೇ ಆಗಿರಬೇಕು. ಬೇರೆ ಬಗೆಯದಾದರೆ ಪಾತ್ರವೊಂದು ಮಾತನಾಡುತ್ತಾ ಪರದೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದಾಗ ಅದರ ದನಿಯೇ ಬದಲಾದಂತೆ ಕೇಳಿಸುತ್ತದೆ. ಆದ್ದರಿಂದ ಮೊದಲ ಜೋಡಿಯನ್ನು ಆರಿಸುವಾಗಲೇ ಆ ಶ್ರೇಣಿಯಲ್ಲಿ ಸೆಂಟರ್ ಸ್ಪೀಕರ್ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ.

ಮೂರನೆಯದು ಸಬ್‌ವೂಫರ್, ತನ್ನದೇ ಆಂಪ್ಲಿಫೈಯರ್ ಉಳ್ಳದ್ದು. ಇಲ್ಲಿ ಯಂತ್ರದಷ್ಟೇ ಕೋಣೆಯೂ ಮುಖ್ಯ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಚಲಿಸುತ್ತದೆ. ಅಂದರೆ 40 ಹರ್ಟ್ಸ್‌ನ (ಸೆಕೆಂಡಿಗೆ 40 ಕಂಪನಗಳ) ಒಂದು ಅಲೆಯ ಉದ್ದ ಸುಮಾರು 8.6 ಮೀಟರ್. ನಿಮ್ಮ ಕೋಣೆಯ ಉದ್ದ ಇದರ ಸರಿಯಾಗಿ ಅರ್ಧ. ಹೀಗಾಗಿ 40 ಹರ್ಟ್ಸ್ ಸುತ್ತಲಿನ ಧ್ವನಿ ಎದುರುಬದುರು ಗೋಡೆಗಳ ನಡುವೆ ನಿಂತ ಅಲೆಯಾಗಿ, ಗೋಡೆಯ ಪಕ್ಕದಲ್ಲಿ ಅತಿಯಾಗಿ ಉಬ್ಬುತ್ತದೆ, ಕೋಣೆಯ ನಡುಮಧ್ಯದಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಹಿಂಗೋಡೆಗೆ ತಾಗಿರುವ ನಿಮ್ಮ ಸೋಫಾ ಇರುವುದು ಅದು ಅತಿಯಾಗಿ ಉಬ್ಬುವ ಜಾಗದಲ್ಲೇ. ಸ್ಫೋಟದ ಸದ್ದು ಈಗ ಅಷ್ಟೊಂದು ಗುಂಯ್‌ಗುಟ್ಟುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಸೋಫಾವನ್ನು ಅರ್ಧ ಮೀಟರಿನಷ್ಟಾದರೂ ಮುಂದಕ್ಕೆ ಎಳೆದು ನೋಡಿ.

ಸಬ್‌ವೂಫರ್ ಇಡುವ ಜಾಗವನ್ನು ಹುಡುಕಲು ಒಂದು ಸರಳ ವಿಧಾನವಿದೆ. ಅದನ್ನು ತಾತ್ಕಾಲಿಕವಾಗಿ ನೀವು ಕುಳಿತುಕೊಳ್ಳುವ ಜಾಗದಲ್ಲೇ ಇರಿಸಿ, ಬೇಸ್ ಸ್ವರಗಳು ಒಂದರ ಹಿಂದೊಂದು ಬರುವ ಹಾಡನ್ನು ಹಾಕಿ, ಅದನ್ನು ಇಡಲು ಸಾಧ್ಯವಿರುವ ಮೂಲೆ ಗೋಡೆಗಳ ಬಳಿಯೆಲ್ಲ ನೆಲಕ್ಕೆ ಬಾಗಿ ಕೇಳುತ್ತಾ ಹೋಗಿ. ಎಲ್ಲಿ ಯಾವ ಸ್ವರವೂ ಅತಿಯಾಗಿ ಉಬ್ಬದೆ, ಯಾವುದೂ ಕಾಣೆಯಾಗದೆ ಸಮನಾಗಿ ಕೇಳಿಸುತ್ತದೆಯೋ ಅದೇ ಸಬ್‌ವೂಫರಿನ ಜಾಗ. ನಂತರ ರಿಸೀವರಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ ಸ್ಮಾಲ್ ಎಂದು (ಅಂದರೆ ಬೇಸನ್ನು ಸಬ್‌ವೂಫರಿಗೆ ಬಿಡುವಂತೆ) ಗುರುತಿಸಿ, ಕ್ರಾಸ್‌ಓವರನ್ನು, ಅಂದರೆ ಸ್ಪೀಕರ್ ಮತ್ತು ಸಬ್‌ವೂಫರ್‌ಗಳ ನಡುವೆ ಧ್ವನಿ ಹಂಚಿಹೋಗುವ ಗಡಿಯನ್ನು, 80 ಹರ್ಟ್ಸ್‌ಗೆ ನಿಲ್ಲಿಸಿ. ಅದಕ್ಕಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಿವಿ ಸುಲಭವಾಗಿ ಗುರುತಿಸದ ಕಾರಣ ಒಂದೇ ಸಬ್‌ವೂಫರ್ ಎಲ್ಲ ಸ್ಪೀಕರ್‌ಗಳ ಪರವಾಗಿ ದುಡಿಯಬಲ್ಲದು. ಸಬ್‌ವೂಫರಿನ ಮೇಲೆಯೇ ಇರುವ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ. ಇಲ್ಲದಿದ್ದರೆ ಎರಡು ಫಿಲ್ಟರ್‌ಗಳು ಒಂದರ ಮೇಲೊಂದು ಕೂತು ನಡುವಿನ ಧ್ವನಿ ಸೊರಗುತ್ತದೆ.

ಸರೌಂಡ್ ಸ್ಪೀಕರ್‌ಗಳು ಕೊನೆಗೆ ಬರಲಿ, ಅವು ಸಣ್ಣವಾಗಿದ್ದರೂ ತೊಂದರೆಯಿಲ್ಲ. ಶಿಫಾರಸು ಮಾಡಲಾಗುವ ಕೋನ ಮುಂಭಾಗದ ನಡುವಿನಿಂದ 100ರಿಂದ 120 ಡಿಗ್ರಿ, ಅಂದರೆ ಕುಳಿತವರ ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ. ಸೋಫಾ ಅಂಚಿನಲ್ಲಿ ಕುಳಿತವರ ಕಿವಿಗೇ ನೇರವಾಗಿ ಹೊಡೆಯದಂತೆ ಅವನ್ನು ಕಿವಿಮಟ್ಟಕ್ಕಿಂತ ಒಂದೆರಡು ಅಡಿ ಎತ್ತರದಲ್ಲಿ ತೂಗುಹಾಕಿ.

ಪ್ರಶ್ನೆ: ನನ್ನ ಹಳೆಯ ಸೆಟ್ಟಿನ ಮೇಲೆ 1000 ವಾಟ್ ಎಂದು ಬರೆದಿದೆ. ನಾನು ಕೊಳ್ಳಬೇಕೆಂದಿರುವ ರಿಸೀವರ್ ಚಾನೆಲ್ಲಿಗೆ 80 ವಾಟ್ ಎನ್ನುತ್ತದೆ. ಇದು ಮುಂದಕ್ಕೆ ಹೋಗುವುದೋ ಹಿಂದಕ್ಕೆ ಹೋಗುವುದೋ?

ಉತ್ತರ: ಮುಂದಕ್ಕೇ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಎಲ್ಲ ಚಾನೆಲ್‌ಗಳನ್ನೂ ಕೂಡಿಸಿದ ಮೊತ್ತ. ಅದನ್ನೂ ಬಹಳ ಸಲ ಒಂದು ಚಾನೆಲ್ ಮಾತ್ರ ದುಡಿಯುತ್ತಿರುವಾಗ, 1000 ಹರ್ಟ್ಸ್‌ನ ಒಂದೇ ಸ್ವರದಲ್ಲಿ, ಶೇಕಡಾ 10ರಷ್ಟು ವಿಕೃತಿಯನ್ನು ಒಪ್ಪಿಕೊಂಡು ಅಳೆದಿರುತ್ತಾರೆ. ಶೇಕಡಾ 10 ವಿಕೃತಿಯೆಂದರೆ ಕಿವಿಗೆ ಸಹಿಸಲಾಗದ ಒಡಕು. 20ರಿಂದ 20,000 ಹರ್ಟ್ಸ್‌ವರೆಗೆ, ಎರಡು ಚಾನೆಲ್‌ಗಳು ಒಟ್ಟಿಗೆ ದುಡಿಯುತ್ತಿರುವಾಗ, ಶೇಕಡಾ 0.1ಕ್ಕಿಂತ ಕಡಿಮೆ ವಿಕೃತಿಯೊಂದಿಗೆ 80 ವಾಟ್ ಎಂದು ಬರೆದಿದ್ದರೆ ಅದು ನಂಬಬಹುದಾದ ಮಾತು. ಶಕ್ತಿ ದುಪ್ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತುಪಟ್ಟು ಶಕ್ತಿ ಬೇಕು. ಹಾಗಾಗಿ 80 ಮತ್ತು 100 ವಾಟ್‌ಗಳ ನಡುವೆ ಆರಿಸಲು ಹೆಚ್ಚು ಹಣ ಕೊಡಬೇಡಿ, ಆ ವ್ಯತ್ಯಾಸ 1 ಡೆಸಿಬೆಲ್‌ನಷ್ಟೇ. ಬದಲಿಗೆ ಸ್ಪೀಕರಿನ ಸೆನ್ಸಿಟಿವಿಟಿಯನ್ನು, ಅಂದರೆ ಒಂದೇ ಪ್ರಮಾಣದ ಶಕ್ತಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನು, ನೋಡಿ: 84 ಡೆಸಿಬೆಲ್‌ನ ಸ್ಪೀಕರಿಗೆ ಬೇಕಾಗುವ ಶಕ್ತಿಯ ಅರ್ಧದಲ್ಲೇ 87 ಡೆಸಿಬೆಲ್‌ನ ಸ್ಪೀಕರ್ ಅಷ್ಟೇ ಜೋರಾಗಿ ನುಡಿಯುತ್ತದೆ.

ಪ್ರಶ್ನೆ: ಟಿವಿಯಿಂದ ಆಪ್ಟಿಕಲ್ ಕೇಬಲ್ ಮೂಲಕ ಧ್ವನಿ ಪಡೆಯುತ್ತಿದ್ದೇನೆ. ಎಚ್‌ಡಿಎಂಐಗೆ ಬದಲಾಯಿಸಿದರೆ ವ್ಯತ್ಯಾಸ ತಿಳಿಯುತ್ತದೆಯೇ? ಹಳೆಯ ರಿಸೀವರ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಕೊಳ್ಳಬಹುದೇ?

ಉತ್ತರ: ಆಪ್ಟಿಕಲ್ ಕೇಬಲ್ಲಿನಲ್ಲಿ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ 5.1 ಧ್ವನಿ ಬರುತ್ತದೆ, ಐದು ಸ್ಪೀಕರ್‌ಗಳ ಮನೆಗೆ ಅದು ಸಾಕು. 2009ರ ಎಚ್‌ಡಿಎಂಐ 1.4ರೊಂದಿಗೆ ಬಂದ ಎಆರ್‌ಸಿ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್ಲಿನಲ್ಲೇ ರಿಸೀವರಿಗೆ ಹಿಂದಿರುಗಿಸುವ ವ್ಯವಸ್ಥೆ) ಸಂಪರ್ಕದಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ ಸಾಗಬಲ್ಲದು; ಓಟಿಟಿಗಳ ಆಟ್ಮಾಸ್ (ಮೇಲಿನಿಂದಲೂ ಬಂದಂತೆ ಕೇಳಿಸುವ) ಧ್ವನಿ ಸಾಮಾನ್ಯವಾಗಿ ಇದರಲ್ಲೇ ಅಡಕವಾಗಿರುತ್ತದೆ. ಬ್ಲೂರೇ ತಟ್ಟೆಗಳ ಟ್ರೂಎಚ್‌ಡಿಯಂತಹ, ಏನನ್ನೂ ಕಳೆದುಕೊಳ್ಳದ ಧ್ವನಿಯನ್ನು ಟಿವಿಯ ಮೂಲಕ ರಿಸೀವರಿಗೆ ತರಬೇಕಾದರೆ ಮಾತ್ರ 2017ರ ಎಚ್‌ಡಿಎಂಐ 2.1ರೊಂದಿಗೆ ಬಂದ ಇಎಆರ್‌ಸಿ, ಅಂದರೆ ಎಆರ್‌ಸಿಯ ಸುಧಾರಿತ ರೂಪ, ಬೇಕು. ದಿನನಿತ್ಯದಲ್ಲಿ ಹೆಚ್ಚು ಅನುಭವಕ್ಕೆ ಬರುವ ಲಾಭ ಬೇರೆಯದು: ಎಆರ್‌ಸಿ ಜೋಡಿಸಿದರೆ ಟಿವಿಯ ಒಂದೇ ರಿಮೋಟಿನಿಂದ ವಾಲ್ಯೂಮನ್ನೂ ನಿಯಂತ್ರಿಸಬಹುದು, ಮನೆಯ ಹಿರಿಯರಿಗೆ ಅದು ದೊಡ್ಡ ಅನುಕೂಲ.

ಸೆಕೆಂಡ್ ಹ್ಯಾಂಡ್ ರಿಸೀವರ್ ಖಂಡಿತ ಕೊಳ್ಳಬಹುದು. ಅದಕ್ಕೆ 4ಕೆ ಚಿತ್ರವನ್ನು ಹಾಯಿಸುವ ಸಾಮರ್ಥ್ಯ ಇಲ್ಲದಿದ್ದರೂ ಚಿತ್ರವನ್ನು ನೇರವಾಗಿ ಟಿವಿಗೆ ಕೊಟ್ಟು, ಧ್ವನಿಯನ್ನಷ್ಟೇ ಎಆರ್‌ಸಿಯಿಂದ ರಿಸೀವರಿಗೆ ತರಬಹುದು. ಕೊಳ್ಳುವ ಮುನ್ನ ಪ್ರತಿಯೊಂದು ಎಚ್‌ಡಿಎಂಐ ಕಿಂಡಿಯನ್ನೂ, ಪ್ರತಿಯೊಂದು ಸ್ಪೀಕರ್ ಔಟ್‌ಪುಟ್ಟನ್ನೂ ಜೋಡಿಸಿ ಪರೀಕ್ಷಿಸಿ, ಕೋಣೆಯಲ್ಲಿ ಸ್ಪೀಕರ್‌ಗಳ ಧ್ವನಿಯನ್ನು ಅಳೆಯುವ ಮೈಕ್ ಜೊತೆಯಲ್ಲಿ ಸಿಗುತ್ತದೆಯೇ ಕೇಳಿ. ಹಿಂಬದಿಯಲ್ಲಿ ಪ್ರೀ-ಔಟ್ (ಬೇರೆ ಆಂಪ್ಲಿಫೈಯರಿಗೆ ಧ್ವನಿ ಕೊಡುವ ಕಿಂಡಿ) ಇರುವ ಮಾದರಿಯಾದರೆ ಮುಂದೆ ಬೇಕೆನಿಸಿದಾಗ ಪ್ರತ್ಯೇಕ ಆಂಪ್ಲಿಫೈಯರ್ ಸೇರಿಸುವ ದಾರಿ ತೆರೆದಿರುತ್ತದೆ. ಹಳೆಯ ಸ್ಪೀಕರ್‌ಗಳಾದರೆ ಜಾಲರಿ ತೆಗೆದು ವೂಫರಿನ ಸುತ್ತಲಿನ ಫೋಮ್ ಅಂಚನ್ನು ಬೆರಳಿನಿಂದ ಮೃದುವಾಗಿ ಮುಟ್ಟಿ ನೋಡಿ; ಪುಡಿಯಾಗುತ್ತಿದ್ದರೆ ದುರಸ್ತಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ರಾತ್ರಿ ಸಿನಿಮಾ ನೋಡಿದರೆ ಪಕ್ಕದ ಮನೆಯವರಿಗೆ ಬೇಸ್ ಕೇಳಿಸುತ್ತದೆಯಂತೆ. ಸಬ್‌ವೂಫರಿನ ಕೆಳಗೆ ಹಾಕುವ ಫೋಮ್ ಹಾಸುಗಳಿಂದ ಇದು ನಿಲ್ಲುತ್ತದೆಯೇ?

ಉತ್ತರ: ಪೂರ್ತಿ ನಿಲ್ಲುವುದಿಲ್ಲ. ಹಾಸು ತಡೆಯುವುದು ಸಬ್‌ವೂಫರಿನ ಪೆಟ್ಟಿಗೆಯಿಂದ ನೇರವಾಗಿ ನೆಲಕ್ಕಿಳಿಯುವ ಕಂಪನವನ್ನು ಮಾತ್ರ. ಗಾಳಿಯ ಮೂಲಕ ಗೋಡೆಗೆ ಬಡಿದು ಆಚೆಗೆ ಹೋಗುವ ಬೇಸ್ ಧ್ವನಿಯನ್ನು ಅದು ತಡೆಯಲಾರದು. ಉದ್ದ ಅಲೆಗಳು ಸಾಮಾನ್ಯ ಗೋಡೆಗಳನ್ನು ಸುಲಭವಾಗಿ ದಾಟುತ್ತವೆ, ಗೋಡೆಗೆ ಅಂಟಿಸುವ ತೆಳುವಾದ ಸ್ಪಂಜಿನಿಂದಲೂ ಪ್ರಯೋಜನವಿಲ್ಲ. ಸಬ್‌ವೂಫರನ್ನು ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆಯಿಂದ ದೂರಕ್ಕೆ, ನೀವು ಕುಳಿತುಕೊಳ್ಳುವ ಜಾಗದ ಹತ್ತಿರಕ್ಕೆ ತಂದರೆ ಕಡಿಮೆ ಮಟ್ಟದಲ್ಲೇ ನಿಮಗೆ ಸಾಕಷ್ಟು ಕೇಳಿಸುತ್ತದೆ, ಆಚೆಗೆ ಹೋಗುವುದೂ ಅಷ್ಟು ಕಡಿಮೆಯಾಗುತ್ತದೆ. ರಿಸೀವರಿನಲ್ಲಿ ನೈಟ್ ಮೋಡ್ ಅಥವಾ ಡೈನಮಿಕ್ ರೇಂಜ್ ಎಂಬ ಆಯ್ಕೆಯಿರುತ್ತದೆ. ಅದು ಜೋರಾದ ಸದ್ದನ್ನು ತಗ್ಗಿಸಿ ಪಿಸುಮಾತನ್ನು ಎತ್ತಿಕೊಡುತ್ತದೆ. ರಾತ್ರಿ ಹತ್ತರ ನಂತರ ಅದನ್ನು ಹಾಕಿ, ಸಬ್‌ವೂಫರಿನ ಮಟ್ಟವನ್ನು 6 ಡೆಸಿಬೆಲ್‌ನಷ್ಟು ಇಳಿಸಿಕೊಳ್ಳಿ. ಅಷ್ಟಾದ ಮೇಲೂ ಕೇಳಿಸುತ್ತದೆಯೇ ಎಂದು ಪಕ್ಕದ ಮನೆಯವರನ್ನೇ ಒಮ್ಮೆ ಕೇಳಿ, ಕೇಳಿಸುತ್ತದೆ ಎಂದರೆ ರಾತ್ರಿಯ ಮಟ್ಟಿಗೆ ಸಬ್‌ವೂಫರನ್ನು ಆರಿಸಿ, ರಿಸೀವರಿನಲ್ಲಿ ಮುಂಭಾಗದ ಸ್ಪೀಕರ್‌ಗಳನ್ನು ಲಾರ್ಜ್ ಎಂದು ಬದಲಿಸಿಕೊಳ್ಳಿ.