ಕಲ್ಪನೆಯೇ ಮುಖ್ಯವಾದ ಕಥೆಗೆ ಸಂಘರ್ಷ ಬೇಕೆ?

ಪ್ರಶ್ನೆ: ಒಬ್ಬರ ನೆನಪುಗಳನ್ನು ತೆಗೆದು ಇನ್ನೊಬ್ಬರಿಗೆ ಕೊಡುವ ಯಂತ್ರವನ್ನು ಕುರಿತು ಒಂದು ವಿಜ್ಞಾನ ಕಥೆ ಬರೆದಿದ್ದೇನೆ. ತಾಯಿಯೊಬ್ಬಳು ಮಗನ ಕಾಲೇಜಿನ ಶುಲ್ಕಕ್ಕಾಗಿ ತನ್ನ ತವರಿನ ನೆನಪುಗಳನ್ನು ಮಾರುತ್ತಾಳೆ. ಸಂಘರ್ಷವೇ ಇಲ್ಲವೆಂದು ಗೆಳೆಯರು ಹೇಳಿದ್ದರಿಂದ, ಯಂತ್ರವನ್ನು ಕದಿಯುವ ಕಳ್ಳನೊಬ್ಬನನ್ನು ಸೇರಿಸಿದೆ. ಕಥೆಗೆ ಓಟ ಬಂತು, ಆದರೆ ಅದು ನನ್ನದೆನಿಸುತ್ತಿಲ್ಲ. ಇಂಥ ಕಥೆಗೆ ಸಂಘರ್ಷ ಅನಿವಾರ್ಯವೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಕಳ್ಳನನ್ನು ದಯವಿಟ್ಟು ಕೈಬಿಡಿ. ಅವನು ಯಂತ್ರದ ಬದಲು ಒಡವೆ ಕದ್ದಿದ್ದರೂ ಕಥೆಯ ಓಟ ಹಾಗೆಯೇ ಇರುತ್ತಿತ್ತು. ನಿಮ್ಮ ಕಲ್ಪನೆಗೂ ಅವನಿಗೂ ನಂಟಿಲ್ಲ. ಹಾಗೆಂದು ಗೆಳೆಯರ ಮಾತನ್ನು ತಳ್ಳಿಹಾಕಬೇಡಿ. ಅವರಿಗೆ ಕಾಣದೆ ಹೋದದ್ದು ಖಳನಾಯಕನಲ್ಲ, ಆ ಕಲ್ಪನೆಗಾಗಿ ಯಾರು ಏನನ್ನು ತೆರುತ್ತಾರೆ ಎಂಬುದು.

ಟಾಮ್ ಗಾಡ್ವಿನ್ 1954ರಲ್ಲಿ ಪ್ರಕಟಿಸಿದ 'ದ ಕೋಲ್ಡ್ ಈಕ್ವೇಶನ್ಸ್' ಕಥೆಯನ್ನು ನೋಡಿ. ದೂರದ ಗ್ರಹದಲ್ಲಿ ರೋಗಕ್ಕೆ ತುತ್ತಾದವರಿಗೆ ಔಷಧ ಒಯ್ಯುತ್ತಿರುವ ಪುಟ್ಟ ನೌಕೆಯಲ್ಲಿ, ಅಲ್ಲಿರುವ ಅಣ್ಣನನ್ನು ನೋಡುವ ಆಸೆಯಿಂದ ಹುಡುಗಿಯೊಬ್ಬಳು ಅಡಗಿ ಕುಳಿತಿದ್ದಾಳೆ. ಇಂಧನ ಲೆಕ್ಕಕ್ಕೆ ಸರಿಯಾಗಿದೆ. ಅವಳ ತೂಕ ಲೆಕ್ಕಕ್ಕೆ ಹೊರಗಿನದು. ಅವಳನ್ನು ನೌಕೆಯಿಂದ ಹೊರಹಾಕದಿದ್ದರೆ ನೌಕೆ ಸುರಕ್ಷಿತವಾಗಿ ಇಳಿಯಲಾರದು, ಔಷಧವೂ ತಲುಪದು. ಚಾಲಕನಿಗೆ ಅವಳ ಮೇಲೆ ದ್ವೇಷವಿಲ್ಲ, ಅವಳಿಗೆ ತಾನು ಮಾಡಿದ್ದು ಇಷ್ಟು ದೊಡ್ಡ ತಪ್ಪೆಂಬ ಅರಿವಿಲ್ಲ, ಆದರೂ ಪ್ರತಿ ಮಾತಿನಲ್ಲೂ ಉಸಿರು ಬಿಗಿಯುತ್ತದೆ, ಏಕೆಂದರೆ ಎದುರಾಳಿಯ ಜಾಗದಲ್ಲಿ ಗಣಿತ ನಿಂತಿದೆ. ಬಾಗಿಲಿಗೆ ಬರಿಯ ಎಚ್ಚರಿಕೆಯ ಫಲಕ ಹಾಕಿ, ಇಂಧನದಲ್ಲಿ ಒಂದಿಷ್ಟೂ ಮಿಗಿಸದೆ ಕಳಿಸಿದವರು ಮನುಷ್ಯರೇ ಅಲ್ಲವೇ, ಅದನ್ನು ಪ್ರಕೃತಿಯ ನಿಯಮವೆನ್ನುವುದು ಸರಿಯೇ ಎಂದು ಕೇಳುವವರಿದ್ದಾರೆ. ನನಗೂ ಆ ಆಕ್ಷೇಪ ನ್ಯಾಯವೆನಿಸುತ್ತದೆ. ಆದರೆ ಇಂಥ ಜಗಳ ಹುಟ್ಟುವುದೂ ಆ ಕಲ್ಪನೆಯ ಒಳಗಿನಿಂದಲೇ.

ಪಾತ್ರಗಳ ನಡುವೆ ಸಂಘರ್ಷವೇ ಇಲ್ಲದ ಕಥೆಗಳೂ ಉಂಟು. ಅರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ಓಮೆಲಾಸ್ ನಗರದ ಕಥೆಯಲ್ಲಿ, ಒಂದು ಮಗು ನೆಲಮಾಳಿಗೆಯಲ್ಲಿ ನರಳುವುದರ ಮೇಲೆ ಇಡೀ ನಗರದ ಸುಖ ನಿಂತಿದೆ. ಘಟನೆಗಳು ಬಹಳ ಕಡಿಮೆ. ಅಲ್ಲಿ ಹೋರಾಟ ಓದುಗನ ಮನಸ್ಸಿಗೇ ವರ್ಗವಾಗುತ್ತದೆ. ಆದರೆ ಅದು ಕೆಲವೇ ಪುಟಗಳ ಬರಹ. ಕಥೆ ಉದ್ದವಾದಷ್ಟೂ ಈ ದಾರಿ ಕಷ್ಟ.

ನಿಮ್ಮ ಕಥೆಯ ಸಂಘರ್ಷ ಆ ತಾಯಿಯಲ್ಲೇ ಇದೆ. ನೆನಪು ಮಾರಿದ ಮರುವಾರ ತವರಿನಿಂದ ಅಣ್ಣ ಬರಲಿ. 'ಯಾರು ಬೇಕಾಗಿತ್ತು?' ಎಂದು ಆಕೆ ಬಾಗಿಲಲ್ಲೇ ಕೇಳಲಿ. ಹಿಂದೆ ಮಗ ನಿಂತಿರಲಿ, ಶುಲ್ಕದ ರಸೀದಿ ಅವನ ಕೈಯಲ್ಲಿರಲಿ.