ಹೆಸರು ಸೇರಿಸಿದರೆ ಸಾಲದು, ದನಿ ಬದಲಾಗಬೇಕು

ಪ್ಲೇಟೋ, ಕಾಂಟ್ ಅಂತ ತತ್ವಜ್ಞಾನಿಗಳ ದೊಡ್ಡ ಹೆಸರುಗಳನ್ನು ಬೀದಿಜಗಳದ ಮಧ್ಯೆ ತಂದರೂ ನಿಮ್ಮ ಜೋಕಿಗೆ ಯಾರೂ ನಗುತ್ತಿಲ್ಲ, ಯಾಕೆ ಎಂದು ಕೇಳಿದ್ದೀರಿ. ಹೆಸರು ಬರೀ ಗುರುತು ಅಷ್ಟೇ. ನಗು ಹುಟ್ಟುವುದು ದನಿಯಲ್ಲಿ.

ಸೊಳ್ಳೆಯನ್ನೇ ತೆಗೆದುಕೊಳ್ಳಿ. "ಎಲೈ ಮಶಕೋತ್ತಮನೇ, ನಿನ್ನ ರಣಕೌಶಲಕ್ಕೆ ಮೆಚ್ಚಿದೆ. ಈಗ ಕಿವಿ ಬಿಟ್ಟು ಹೋಗು ಮಾರಾಯ." ಮೊದಲ ಸಾಲಿಗೆ ಮನಸ್ಸು ಕಾವ್ಯ ಕೇಳಲು ಸಜ್ಜಾಗುತ್ತದೆ. 'ಮಾರಾಯ' ಬಂದ ಕೂಡಲೇ ಧೊಪ್ಪನೆ ನೆಲಕ್ಕೆ ಬೀಳುತ್ತದೆ. ಇಂಗ್ಲಿಷ್ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ 1860ರಲ್ಲೇ ಇದನ್ನು ಗುರುತಿಸಿದ್ದ: ಮನಸ್ಸು ದೊಡ್ಡದರಿಂದ ಚಿಕ್ಕದಕ್ಕೆ ಜಾರಿದರೆ ನಗು, ಚಿಕ್ಕದರಿಂದ ದೊಡ್ಡದಕ್ಕೆ ಏರಿದರೆ ಬೆರಗು. ಎರಡನೇ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಚಪ್ಪಲಿ ಹುಡುಕುತ್ತಿರುವವನು ಇದ್ದಕ್ಕಿದ್ದಂತೆ "ಕಳೆದದ್ದು ಚಪ್ಪಲಿಯೋ, ನಾನೋ?" ಅಂದರೂ ನಗು ಬರುತ್ತದೆ, ಅಲ್ವಾ?

ಎತ್ತರದ ಭಾಗವನ್ನು ಸುಮ್ನೆ ಅಣಕಿಸಬೇಡಿ. ನಿಜವಾದ ಕಾವ್ಯದಷ್ಟೇ ಶ್ರದ್ಧೆಯಿಂದ ಕಟ್ಟಿ. ಇಲ್ಲಿ ಆತುರಪಡುವವರೇ ಜಾಸ್ತಿ. ಎತ್ತರವೇ ಇಲ್ಲದಿದ್ದರೆ ಬೀಳುವುದೆಲ್ಲಿಂದ? ಓದುಗರಿಗೂ ಆ ಶೈಲಿ ಗೊತ್ತಿರಬೇಕು. ಕಾಂಟ್ ಯಾರೆಂದು ತಿಳಿಯದವರಿಗೆ ಅವನ ಹೆಸರಿರುವ ಜೋಕನ್ನು ಬಿಡಿಸಿ ಹೇಳಬೇಕು, ಅಷ್ಟರಲ್ಲಿ ನಗು ಆರಿಹೋಗಿರುತ್ತದೆ.

ನಿಮ್ಮ ಜೋಕಿನಿಂದ ಹೆಸರುಗಳನ್ನು ತೆಗೆದು ಇನ್ನೊಮ್ಮೆ ಬರೆದು ನೋಡಿ. ಇಲ್ಲೇ ಹಾಕಿ, ಖಂಡಿತ ಓದುತ್ತೇನೆ.